ಎಲ್ಲ ಕಡೆಗೂ ಒಂದೇ ಹಸಿರು

ಉಬುಂಟು ಹಾಕಿಕೊಂಡವರಿಗೆಲ್ಲ ಒಂದು ಬಣ್ಣದ ಪ್ರಾಂಪ್ಟ್ ಪುಕ್ಕಟೆ ಸಿಗುತ್ತದೆ. ಬಳಕೆದಾರನ ಹೆಸರೂ ಯಂತ್ರದ ಹೆಸರೂ ಹಸಿರಿನಲ್ಲಿ, ನಿಂತಿರುವ ಫೋಲ್ಡರ್ ನೀಲಿಯಲ್ಲಿ, ಕೊನೆಗೊಂದು ಡಾಲರ್ ಚಿಹ್ನೆ. ಡೆಬಿಯನ್‌ನಿಂದ ಬಂದ ಬ್ಯಾಶ್‌ಆರ್‌ಸಿ ಫೈಲಿನಲ್ಲಿ ಇದರ ಜಾತಕವಿದೆ: 01;32 ಎಂದರೆ ದಪ್ಪ ಹಸಿರು, 01;34 ಎಂದರೆ ದಪ್ಪ ನೀಲಿ. ಕಿಬ್ಬನಹಳ್ಳಿ ಕ್ರಾಸಿನ ಸುತ್ತಲ ಯಾವುದಾದರೂ ತೋಟದ ಮನೆಯ ಜಗುಲಿಯಲ್ಲಿ ಹಾಡುಹಗಲೇ ಲ್ಯಾಪ್‌ಟಾಪ್ ತೆರೆದು ನೋಡಿ. ಹಸಿರು ಎದ್ದು ಕಾಣುತ್ತದೆ, ನೀಲಿ ಗಾಢ ಹಿನ್ನೆಲೆಯೊಳಗೆ ಮುಳುಗಿಹೋಗುತ್ತದೆ. ಯಾವ ಫೋಲ್ಡರಿನಲ್ಲಿದ್ದೇವೆ ಎಂಬುದೇ ಪ್ರಾಂಪ್ಟ್ ಹೇಳಬೇಕಾದ ಮುಖ್ಯ ಸಂಗತಿ. ಅದಕ್ಕೇ ಕಾಣದ ಬಣ್ಣ!

ಆದರೂ ಈ ಫೈಲಿನ ಬಗ್ಗೆ ನನಗೆ ಗೌರವವಿದೆ. ಬಣ್ಣವನ್ನು ಬಲವಂತವಾಗಿ ಹಚ್ಚಿಸುವ ಸಾಲು ಅದರಲ್ಲಿದೆ, ಆದರೆ ಕೆಲಸ ಮಾಡದಂತೆ ಮುಚ್ಚಿಟ್ಟಿದ್ದಾರೆ. ನೋಡುವವರ ಗಮನ ಕಮಾಂಡಿನ ಫಲಿತಾಂಶದ ಮೇಲಿರಲಿ, ಪ್ರಾಂಪ್ಟಿನ ಮೇಲೆ ಬೇಡ ಎಂಬ ಕಾರಣವನ್ನೂ ಪಕ್ಕದಲ್ಲೇ ಬರೆದಿದ್ದಾರೆ. ಬಾಣ, ಗಡಿಯಾರ, ಬ್ಯಾಟರಿ ಎಲ್ಲವನ್ನೂ ತುರುಕಿ ಟೈಪ್ ಮಾಡಲು ಜಾಗವೇ ಬಿಡದ ಇಂದಿನ ಥೀಮುಗಳ ಮುಂದೆ ಈ ಸಂಯಮ ದೊಡ್ಡದು.

ನನ್ನ ಮುಖ್ಯ ತಕರಾರು ಬೇರೆ. ಮನೆಯ ಲ್ಯಾಪ್‌ಟಾಪಿಗೂ ಎಸ್‌ಎಸ್‌ಎಚ್ ಮೂಲಕ ಹೊಕ್ಕ ಆಫೀಸಿನ ಸರ್ವರಿಗೂ ಅದೇ ಹಸಿರು. ಫೈಲ್ ಅಳಿಸುವ ಕಮಾಂಡ್ ಎಲ್ಲಿ ಓಡಲಿದೆ ಎಂದು ತಿಳಿಯಲು ಹೆಸರನ್ನು ಓದಲೇಬೇಕು. ಅವಸರದಲ್ಲಿ ಯಾರು ಓದುತ್ತಾರೆ? ಸರ್ವರಿನ ಫೈಲಿನಲ್ಲಿ 32 ಇದ್ದಲ್ಲಿ 31 ಬರೆದರೆ ಕೆಂಪು. ಒಂದೇ ಅಂಕಿಯ ತಿದ್ದುಪಡಿ. ಪ್ರಾಂಪ್ಟಿನಲ್ಲಿ ಬಣ್ಣಕ್ಕಿರುವ ನಿಜವಾದ ಕೆಲಸ ಇದೊಂದೇ ಎಂದು ನನಗನ್ನಿಸುತ್ತದೆ.

ಬಣ್ಣ ಬಾರದಿದ್ದಾಗಲೂ ಈ ಫೈಲು ತುಟಿ ಬಿಚ್ಚುವುದಿಲ್ಲ. ಟರ್ಮ್ ಎಂಬ ವೇರಿಯಬಲ್ಲಿನಲ್ಲಿರುವ ಹೆಸರು '256ಕಲರ್' ಎಂದು ಮುಗಿದರೆ, ಇಲ್ಲವೇ 'ಎಕ್ಸ್‌ಟರ್ಮ್-ಕಲರ್' ಆಗಿದ್ದರೆ ಬಣ್ಣ ಉಂಟು, ಇಲ್ಲದಿದ್ದರೆ ಇಲ್ಲ. ಕರೆಂಟು ಹೋಗಿ ರೂಟರ್ ಆರಿದರೂ ಸರ್ವರಿನಲ್ಲಿ ಕೆಲಸ ನಿಲ್ಲದಿರಲಿ ಎಂದು ಸ್ಕ್ರೀನ್ ಎಂಬ ಪ್ರೋಗ್ರಾಂ ಬಳಸುತ್ತೇವಲ್ಲ, ಅದರೊಳಗೆ ಆ ಹೆಸರು ಬರೀ 'ಸ್ಕ್ರೀನ್' ಎಂದಾದರೆ ಪ್ರಾಂಪ್ಟ್ ಬೋಳಾಗುತ್ತದೆ. ಟರ್ಮ್‌ನಲ್ಲಿ ಏನಿದೆ ಎಂದು ಎಕೋ ಮಾಡಿ, 'ಟಿಪುಟ್ ಕಲರ್ಸ್' ಕೊಟ್ಟು ನೋಡಿದರೆ ಅರ್ಧ ಉತ್ತರ ಸಿಕ್ಕಂತೆ. ನಮ್ಮ ರೂಢಿ ಮಾತ್ರ ಬೇರೆ: ಪ್ರಾಂಪ್ಟಿನ ರೂಪ ಹೇಳುವ ಪಿಎಸ್1 ಸಾಲುಗಳನ್ನು ಎಲ್ಲೆಲ್ಲಿಂದಲೋ ತಂದು ಒಂದರ ಕೆಳಗೊಂದು ಅಂಟಿಸುವುದು. ಉಳಿದರ್ಧ ಉತ್ತರ ಇಲ್ಲಿದೆ: ಶೆಲ್ ಬಣ್ಣ ಹಚ್ಚುವುದಿಲ್ಲ, ಸಂಕೇತ ಕಳಿಸುತ್ತದೆ ಅಷ್ಟೆ; ಹಚ್ಚುವುದು ಟರ್ಮಿನಲ್. 34 ಎಂದರೆ ಎಂಥ ನೀಲಿ ಎಂಬುದು ಟರ್ಮಿನಲ್ಲಿನ ಪ್ಯಾಲೆಟ್ಟಿಗೆ ಬಿಟ್ಟದ್ದು. ಜಗುಲಿಯಲ್ಲಿ ಕಾಣದ ನೀಲಿಯನ್ನು ಅಲ್ಲೇ ತಿಳಿ ಮಾಡಿದರೆ ಎಲ್‌ಎಸ್ ತೋರಿಸುವ ಫೋಲ್ಡರುಗಳೂ ಜೊತೆಯಲ್ಲೇ ಸರಿಹೋಗುತ್ತವೆ.

ಅಂಟಿಸಿದ ಸಾಲುಗಳ ಇನ್ನೊಂದು ಕಾಟ ಎಣಿಕೆಯದು. ಮೂಲ ಪ್ರಾಂಪ್ಟಿನಲ್ಲಿ ನಾಲ್ಕು ಕಡೆ ಬರುವ ಬಣ್ಣದ ಸಂಕೇತಗಳು ಒಟ್ಟು 26 ಅಕ್ಷರ, ಪರದೆಯ ಮೇಲೆ ಒಂದೂ ಕಾಣುವುದಿಲ್ಲ. ಪ್ರತಿಯೊಂದರ ಆಚೀಚೆ ಬ್ಯಾಕ್‌ಸ್ಲ್ಯಾಶ್ ಸಹಿತ ಚೌಕ ಆವರಣ ಹಾಕಿ, ಇದನ್ನು ಎಣಿಸಬೇಡ ಎಂದು ಬ್ಯಾಶ್‌ಗೆ ಹೇಳಬೇಕು. ಹೇಳದಿದ್ದರೆ ಮಟ್ಟೆಯನ್ನೂ ಕಾಯಿಯ ಲೆಕ್ಕಕ್ಕೆ ಹಿಡಿದಂತೆ. ಉದ್ದನೆಯ ಕಮಾಂಡ್ ಕೆಳಗಿನ ಸಾಲಿಗೆ ಇಳಿಯುವ ಬದಲು ತನ್ನ ಮೇಲೇ ಬರೆದುಕೊಳ್ಳುತ್ತದೆ. ಮೇಲ್ಬಾಣ ಒತ್ತಿ ಹಳೆಯದನ್ನು ಕರೆದರೆ ಅದಕ್ಕೂ ಹಿಂದಿನದರ ಚೂರು ಅಂಟಿಕೊಂಡೇ ಇರುತ್ತದೆ, ಬ್ಯಾಕ್‌ಸ್ಪೇಸಿಗೂ ಜಗ್ಗುವುದಿಲ್ಲ.

ಆವರಣಗಳೆಲ್ಲ ಸರಿಯಿದ್ದೂ ಇದೇ ಕಾಟ ಬಂದರೆ ಫೋಲ್ಡರಿನ ಹೆಸರು ನೋಡಿ. 'ಕಿಬ್ಬನಹಳ್ಳಿ' ಎಂದಿಟ್ಟುಕೊಳ್ಳೋಣ. ಓದುವ ನಮಗೆ 5 ಅಕ್ಷರ, ಯುನಿಕೋಡ್ ಲೆಕ್ಕದಲ್ಲಿ 11, ಯುಟಿಎಫ್-8ರಲ್ಲಿ 33 ಬೈಟ್. ಗುಡಿಸಿಗೂ ಹಲಂತಕ್ಕೂ ಅಗಲವಿಲ್ಲವೆಂದು ಬಿಟ್ಟು ಶೆಲ್ 7 ಮನೆ ಎಣಿಸುತ್ತದೆ. ಟರ್ಮಿನಲ್ ಒತ್ತಕ್ಷರ ಕೂಡಿಸಿ ಐದೇ ಮನೆಯಲ್ಲಿ ಬರೆದು ಮುಗಿಸಿದರೆ ಕರ್ಸರ್ ಒಂದು ಕಡೆ, ಅಕ್ಷರ ಇನ್ನೊಂದು ಕಡೆ. ಬಣ್ಣದ ಸಂಕೇತಗಳನ್ನೆಲ್ಲ ತೆಗೆದು ನೋಡಿ. ಆಮೇಲೂ ಕಾಟ ಉಳಿದರೆ ಬಣ್ಣದ ತಪ್ಪಿಲ್ಲ. ಅಂಥ ಹೆಸರು ಯಾರಿಡುತ್ತಾರೆ ಎನ್ನಬೇಡಿ; ನಮ್ಮ ಸರ್ಕಾರಿ ಪ್ರೌಢಶಾಲಾ ಶಿಕ್ಷಕರ ತರಬೇತಿಗಳಲ್ಲಿ ಉಬುಂಟು ಕಲಿಸಿದ್ದುಂಟು. ಕನ್ನಡದಲ್ಲೇ ಫೋಲ್ಡರ್ ಹೆಸರಿಡುವವರು ನಾನು ವಾದಕ್ಕೆ ಕಟ್ಟಿಕೊಂಡವರಲ್ಲ.

ಕನ್ನಡ ಹೆಸರಿನ ಈ ಕಾಟಕ್ಕೊಂದು ದಾರಿಯಿದೆ. ಕೊನೆಯ ಡಾಲರ್ ಚಿಹ್ನೆಗಿಂತ ಮೊದಲು ಹೊಸ ಸಾಲಿನ ಸಂಕೇತ, ಬ್ಯಾಕ್‌ಸ್ಲ್ಯಾಶ್ ಮತ್ತು ಎನ್, ಸೇರಿಸುವುದು. ಹೆಸರು, ಬಣ್ಣ, ಕನ್ನಡ ಎಲ್ಲ ಮೇಲಿನ ಸಾಲಿನಲ್ಲಿ ಉಳಿಯುತ್ತವೆ. ಕಮಾಂಡಿನ ಸಾಲಿನಲ್ಲಿ ಎಣಿಸಲು ಉಳಿಯುವುದು ಡಾಲರ್ ಮತ್ತು ಒಂದು ಖಾಲಿ ಜಾಗ. ಪ್ರತಿ ಕಮಾಂಡಿಗೂ ಪರದೆಯ ಒಂದು ಸಾಲು ದಂಡ, ಇರಲಿ. ಕಮಾಂಡಿನೊಳಗೇ ಕನ್ನಡ ಟೈಪ್ ಮಾಡಿದಾಗ ಕರ್ಸರ್ ತಪ್ಪುವುದು ಮಾತ್ರ ಇದರಿಂದ ಹೋಗದು. ಅದನ್ನು ಟರ್ಮಿನಲ್ ತಯಾರಿಸುವವರೇ ಸರಿಮಾಡಬೇಕು.