ತಂತ್ರಾಂಶ: ಕಸುಬೋ, ಶಾಸ್ತ್ರವೋ?

ನಂಜನಗೂಡಿನಲ್ಲಿ ಕಪಿಲೆಯ ಮೇಲೆ ದಳವಾಯಿ ದೇವರಾಜ 1735ರಲ್ಲಿ ಕಟ್ಟಿಸಿದ ಕಲ್ಲಿನ ಸೇತುವೆಯೊಂದಿದೆ. ಎತ್ತಿನ ಗಾಡಿಗಳ ಕಾಲದ ಆ ಸೇತುವೆಯ ಮೇಲೆ ಮುಂದೆ ರೈಲೂ ಓಡಿತು. ಇಂದು ಆ ಹೊರೆಯನ್ನು ಹೊಸ ಸೇತುವೆಗಳು ಹೊತ್ತಿವೆ. ಕಟ್ಟಿದವರು ಕಸುಬು ಬಲ್ಲವರು. ಕಂಬಿ ಹಾಸಿದವರಿಗಾದರೋ ಕಸುಬೊಂದೇ ಸಾಲದು. ಇದು ಎಷ್ಟು ಭಾರ ತಾಳೀತೆಂಬ ಲೆಕ್ಕವೂ ಬೇಕು. ಎಂಜಿನಿಯರಿಂಗ್ ಹುಟ್ಟುವುದು ಈ ಪ್ರಶ್ನೆಯಿಂದ.

ಕಂಪ್ಯೂಟರಿಗೆ ತಂತ್ರಾಂಶ ಬರೆಯುವವರೂ ಇಂದು ಎಂಜಿನಿಯರುಗಳೆನಿಸಿಕೊಂಡಿದ್ದಾರೆ. 1968ರಲ್ಲಿ ಜರ್ಮನಿಯ ಗಾರ್ಮಿಷ್‌ನಲ್ಲಿ ನೆರೆದ ಸಮ್ಮೇಳನ 'ಸಾಫ್ಟ್‌ವೇರ್ ಎಂಜಿನಿಯರಿಂಗ್' ಎಂಬ ಹೆಸರನ್ನು ಇಟ್ಟುಕೊಂಡಿತು. ಅದು ಇದ್ದುದರ ವರ್ಣನೆಯಲ್ಲ, ಆಗಬೇಕಾದುದರ ಹಂಬಲ. ಹಂಬಲ ಕೈಗೂಡಿತೆ? 1996ರಲ್ಲಿ ಏರಿಯಾನ್-5 ರಾಕೆಟ್ಟು ಮೇಲೇರಿದ ಸುಮಾರು 40 ಸೆಕೆಂಡುಗಳಲ್ಲಿ ನಾಶವಾಯಿತು. ಏರಿಯಾನ್-4ರಲ್ಲಿ ಸರಿಯಾಗಿ ದುಡಿದಿದ್ದ ತಂತ್ರಾಂಶದ ಭಾಗವೊಂದನ್ನು ಹಾಗೆಯೇ ಇದಕ್ಕೂ ಬಳಸಿದ್ದರು. ಹೊಸ ವೇಗದ ಸಂಖ್ಯೆ ಅದಕ್ಕೆಂದು ಬಿಟ್ಟಿದ್ದ ಜಾಗದಲ್ಲಿ ಹಿಡಿಸಲಿಲ್ಲ. ಗಾಡಿಯ ಸೇತುವೆಯ ಮೇಲೆ, ಲೆಕ್ಕ ಹಾಕದೆ, ರೈಲು ಬಿಟ್ಟಂತಾಯಿತು.

ನನ್ನ ಅನುಭವ ಚಿಕ್ಕದು. ಹಿಂದೊಮ್ಮೆ ಟಿ. ನರಸೀಪುರದಲ್ಲಿ ಬೆರಳಚ್ಚಿಸಿದ ಪಾಠದ ಟಿಪ್ಪಣಿಗಳು ನಂಜನಗೂಡಿನ ಯಂತ್ರದಲ್ಲಿ ಅರ್ಥವಿಲ್ಲದ ಗೀಟುಗಳಾಗಿ ತೆರೆದುಕೊಂಡವು. ಒಂದೊಂದು ಅಕ್ಷರಶೈಲಿಗೆ ಒಂದೊಂದು ಸಂಕೇತವಿದ್ದ ಕಾಲವದು. ಯೂನಿಕೋಡ್ 1991ರಲ್ಲಿಯೇ ಕನ್ನಡದ ಅಕ್ಷರಗಳಿಗೆ ಜಗತ್ತೆಲ್ಲ ಒಪ್ಪುವ ಸಂಖ್ಯೆಗಳನ್ನು ಕೊಟ್ಟಿತ್ತಾದರೂ ಅದು ನಮ್ಮ ಬಳಕೆಗೆ ಬರಲು ವರ್ಷಗಳೇ ಹಿಡಿದವು.

ತಂತ್ರಾಂಶವು ಕಾವ್ಯದಂತೆ ಬುದ್ಧಿಯ ಸೃಷ್ಟಿ, ಕಲ್ಲಿಗಿರುವ ನಿಸರ್ಗನಿಯಮ ಅದಕ್ಕಿಲ್ಲ, ಆದುದರಿಂದ ಅದು ಶಾಸ್ತ್ರವಾಗಲಾರದು ಎನ್ನುವವರಿದ್ದಾರೆ. ಈ ಮಾತು ಅರ್ಧ ನಿಜ. ಕಲ್ಲು ಬಿರುಕು ಬಿಟ್ಟು ಎಚ್ಚರಿಸೀತು. ತಂತ್ರಾಂಶ ಒಂದು ಚುಕ್ಕೆಯ ತಪ್ಪಿಗೆ ಥಟ್ಟನೆ ಕುಸಿದೀತು. ಆದರೆ ಭಾಷೆಯೂ ಮನುಷ್ಯಸೃಷ್ಟಿಯೇ ಅಲ್ಲವೆ? ಹದಿಮೂರನೆಯ ಶತಮಾನದಲ್ಲಿಯೇ ಕೇಶಿರಾಜ 'ಶಬ್ದಮಣಿದರ್ಪಣ' ಬರೆದು ಕನ್ನಡಕ್ಕೆ ಶಾಸ್ತ್ರ ಕಟ್ಟಲಿಲ್ಲವೆ? ವ್ಯಾಕರಣದಿಂದ ಕಾವ್ಯ ಹುಟ್ಟದು, ನಿಜ. ತಪ್ಪನ್ನು ತಪ್ಪೆಂದು ಗುರುತಿಸುವ ಕಣ್ಣು ಹುಟ್ಟುತ್ತದೆ.

ತಂತ್ರಾಂಶಕ್ಕೆ ಬೇಕಾದುದೂ ಅದೇ: ಎಲ್ಲರೂ ಒಪ್ಪಿದ ಅಳತೆ, ಹೊರೆಯ ಮಿತಿಯನ್ನು ಬರೆದಿಡುವ ಶಿಸ್ತು, ಕುಸಿದುದರ ತನಿಖೆ, ಕುಸಿದಾಗ ಹೊಣೆ ಹೊರುವ ಹೆಸರು. ಮೊದಲ ಮೂರು ಅಲ್ಲಲ್ಲಿ, ಮುಖ್ಯವಾಗಿ ವಿಮಾನಗಳ ತಂತ್ರಾಂಶದಲ್ಲಿ, ನೆಲೆಯೂರಿವೆ. ಆದಕಾರಣ ಅದು ಶಾಸ್ತ್ರವಾಗಬಲ್ಲುದೆಂಬುದರಲ್ಲಿ ನನಗೆ ಸಂದೇಹವಿಲ್ಲ. ನಾಲ್ಕನೆಯದು ಮಾತ್ರ ಇನ್ನೂ ದೂರ. ನಷ್ಟವಾದರೆ ಹೊಣೆ ನಮ್ಮದಲ್ಲವೆಂಬ ಷರತ್ತಿಗೆ ನಮ್ಮಿಂದ ಒಪ್ಪಿಗೆ ಪಡೆದೇ ಸಾಮಾನ್ಯವಾಗಿ ತಂತ್ರಾಂಶವನ್ನು ನಮ್ಮ ಕೈಗಿಡುತ್ತಾರೆ. ಸೇತುವೆಯ ಬಾಯಲ್ಲಿ ಅಂಥದೊಂದು ಫಲಕ ತೂಗುತ್ತಿದ್ದರೆ ನಂಜುಂಡೇಶ್ವರನ ಯಾವ ಭಕ್ತ ಹೊಳೆ ದಾಟಿಯಾನು?