ದಾರಿ ಬಿಟ್ಟರೆ ದಂಡ

ಸ್ವಿಟ್ಜರ್ಲೆಂಡಿನ ಪೂರ್ವದ ಅಂಚಿನ ಎಂಗಡಿನ್ ಸೀಮೆಯಲ್ಲಿ, ಇಟಲಿಯ ಗಡಿಗೆ ತಾಗಿಕೊಂಡಂತೆ ಸ್ವಿಸ್ ರಾಷ್ಟ್ರೀಯ ಉದ್ಯಾನವಿದೆ. ಅಲ್ಲಿಗೆ ಹೋದವರನ್ನು ಮೊದಲು ಎದುರುಗೊಳ್ಳುವುದು 'ಕೂಡದು'ಗಳ ದೊಡ್ಡ ಪಟ್ಟಿ. ಕಾಲುದಾರಿ ಬಿಟ್ಟು ಆಚೆ ಹೆಜ್ಜೆ ಇಡಕೂಡದು. ಹೂ ಕೀಳಕೂಡದು, ಬೆಂಕಿ ಹಾಕಕೂಡದು, ಡೇರೆ ಹೂಡಕೂಡದು. ನಾಯಿಯನ್ನು ಸರಪಳಿ ಹಿಡಿದು ತಂದರೂ ಒಳಗೆ ಬಿಡುವುದಿಲ್ಲ. ದಾರಿಯಿಂದ ಸರಿದು ಬುತ್ತಿ ಬಿಚ್ಚಲು ಗುರುತು ಮಾಡಿದ ಜಾಗಗಳೇ ಆಗಬೇಕು. ಚಳಿಗಾಲದಲ್ಲಂತೂ ಉದ್ಯಾನವೇ ಬಂದ್. ಮೀರಿದವರಿಗೆ ದಂಡ ಕಾದಿದೆ. ಪ್ರವೇಶಕ್ಕೆ ದುಡ್ಡು ಕೇಳುವುದಿಲ್ಲ ಎಂಬುದಷ್ಟೇ ಸಮಾಧಾನ!

ಈ ಬಿಗಿಗೆ ನೂರು ವರ್ಷಗಳಿಗೂ ಮೀರಿದ ಇತಿಹಾಸವಿದೆ. 1909ರಲ್ಲಿ ನಿಸರ್ಗವಿಜ್ಞಾನಿ ಪಾಲ್ ಸಾರಾಸಿನ್ ಮತ್ತು ಸಂಗಡಿಗರು ಜೆರ್ನೆಟ್ಸ್ ಗ್ರಾಮದಿಂದ ಕ್ಲುವೊತ್ಸಾ ಕಣಿವೆಯನ್ನು ಗುತ್ತಿಗೆಗೆ ಹಿಡಿದರು. ಹಣಕ್ಕಾಗಿ ಅದೇ ವರ್ಷ ಒಂದು ಸಂಘ ಹುಟ್ಟಿತು. ಸದಸ್ಯತ್ವಕ್ಕೆ ವರ್ಷಕ್ಕೆ ಒಂದೇ ಫ್ರಾಂಕ್. 1914ರ ಆಗಸ್ಟ್ 1ರಂದು ಆಲ್ಪ್ಸ್‌ನ ಮೊದಲ ರಾಷ್ಟ್ರೀಯ ಉದ್ಯಾನ ಅಸ್ತಿತ್ವಕ್ಕೆ ಬಂತು. ಈಗ ಅದರ ವಿಸ್ತಾರ ಸುಮಾರು 170 ಚದರ ಕಿಲೋಮೀಟರ್. ಅಷ್ಟು ನೆಲದಲ್ಲಿ ಮನುಷ್ಯನ ಪಾಲಿಗೆ ಬಂದಿರುವುದು ನೂರು ಕಿಲೋಮೀಟರಿನಷ್ಟು ಉದ್ದದ ಕಾಲುದಾರಿ ಮಾತ್ರ.

ಇದು ಕಾಡೋ, ವಸ್ತುಸಂಗ್ರಹಾಲಯವೋ ಎಂದು ಕೇಳುವವರಿದ್ದಾರೆ. ಅದಕ್ಕೆ ಉತ್ತರ ತ್ರುಪ್ಚುನ್ ಕಣಿವೆಯಲ್ಲಿದೆ. ಸೆಪ್ಟೆಂಬರಿನಲ್ಲಿ, ಬೆದೆಯ ಕಾಲಕ್ಕೆ, ಗಂಡು ಕೆಂಜಿಂಕೆಗಳ ಗುಟುರು ಇಡೀ ಕಣಿವೆಯನ್ನು ತುಂಬುತ್ತದೆ. ಬೇಟೆಗಾರರಿಗೆ ಹೆದರಿ ಬೇರೆಡೆ ಹಗಲೆಲ್ಲ ಮರೆಯಲ್ಲಿರುವ ಪ್ರಾಣಿಗಳು ಇಲ್ಲಿ ಬೆಳಕಿನಲ್ಲೇ ಬಯಲಿಗೆ ಬರುತ್ತವೆ. ಮಾರ್ಮಟ್‌ಗಳು ದಾರಿಯ ಪಕ್ಕದಲ್ಲೇ ಬಿಸಿಲು ಕಾಯುತ್ತವೆ. ಮನುಷ್ಯ ಎಲ್ಲಿ ನಡೆಯುತ್ತಾನೆ, ಎಲ್ಲಿ ನಡೆಯುವುದಿಲ್ಲ ಎಂಬುದು ಅವಕ್ಕೆ ಗೊತ್ತಾಗಿಬಿಟ್ಟಿದೆ. ನಡೆಯುವವರ ಕಾಲು ಕಟ್ಟಿದ್ದರಿಂದಲೇ ಅವರ ಕಣ್ಣಿಗೆ ಇಷ್ಟು ದಕ್ಕಿದೆ. ಈ ಒಂದು ನಿಯಮ ಉದ್ಯಾನದ ಅತಿ ದೊಡ್ಡ ಸಾಧನೆ.

ಆದರೆ 'ಮನುಷ್ಯನ ಕೈ ಸೋಕದ ಪ್ರಕೃತಿ' ಎಂಬ ಹೊಗಳಿಕೆಯನ್ನು ಅಷ್ಟು ಸಲೀಸಾಗಿ ಒಪ್ಪಲಾಗದು. ಇಲ್ಲಿನ ಕಾಡನ್ನು ಶತಮಾನಗಳ ಕಾಲ ಕಡಿದಿದ್ದಾರೆ: ಕಬ್ಬಿಣದ ಕುಲುಮೆಗಳಿಗೆ, ಟಿರೋಲ್‌ನ ಹಾಲ್ ಪಟ್ಟಣದಲ್ಲಿ ಉಪ್ಪು ಕಾಯಿಸುವ ಒಲೆಗಳಿಗೆ. ಚಾರಣಿಗರು ಆದಿಮ ಅರಣ್ಯವೆಂದುಕೊಳ್ಳುವ ಪೈನ್ ಮರಗಳ ಗುಂಪಿನಲ್ಲಿ ಬಹುಪಾಲು ಆ ಕಡಿತದ ಮೇಲೆ ಬೆಳೆದದ್ದು. ಉದ್ಯಾನದ ನಡುವೆ ಇರುವ ಇಲ್ ಫುವೊರ್ನ್ ಹೋಟೆಲಿನ ಮುಂದೆಯೇ ಹೆದ್ದಾರಿ ಹಾದುಹೋಗುತ್ತದೆ. ಬೇಸಿಗೆಯಲ್ಲಿ ಮೋಟಾರ್‌ಸೈಕಲ್ಲುಗಳ ಸದ್ದು ಇಳಿಜಾರಿನ ಮೇಲಕ್ಕೂ ಹಿಂಬಾಲಿಸುತ್ತದೆ. ಇನ್ನು ಸ್ಪೋಲ್ ನದಿಯ ಪಾಡು ಬೇರೆಯೇ. ಅದಕ್ಕೆ ಅಣೆಕಟ್ಟು ಕಟ್ಟುವ ಒಪ್ಪಂದಕ್ಕೆ 1958ರಲ್ಲಿ ಸ್ವಿಸ್ ಮತದಾರರೇ ಒಪ್ಪಿಗೆ ಕೊಟ್ಟರು. ಈಗ ಉದ್ಯಾನದೊಳಗೆ ಹರಿಯುವುದು ಜಲಾಶಯ ಬಿಟ್ಟಷ್ಟೇ ನೀರು. 2000ದಿಂದ ಆಗಾಗ ಕೃತಕ ಪ್ರವಾಹ ಹರಿಸಿ ನದಿಯ ಪಾತ್ರ ತೊಳೆಯುತ್ತಿದ್ದಾರೆ. 2016ರಲ್ಲಿ ಅಣೆಕಟ್ಟಿನ ದುರಸ್ತಿ ಕೆಲಸದಿಂದ ವಿಷಕಾರಿ ಪಿಸಿಬಿ ನದಿಗೆ ಸೇರಿತು. ಹೂ ಕಿತ್ತವನಿಗೆ ದಂಡ ಹಾಕುವ ನಾಡು ಇಡೀ ನದಿಯ ವಿಷಯದಲ್ಲಿ ಇಷ್ಟು ಉದಾರವಾದದ್ದು ಕೊಂಚ ವಿಚಿತ್ರವೇ.

'ಏನೂ ಮಾಡದೆ ಸುಮ್ಮನೆ ನೋಡು' ಎಂಬ ಉದ್ಯಾನದ ತತ್ವಕ್ಕೂ ವಿನಾಯಿತಿ ಸಿಕ್ಕಿದೆ. ಐಬೆಕ್ಸ್ ಕಾಡುಮೇಕೆಗಳನ್ನು 1920ರಲ್ಲಿ ತಂದು ಬಿಟ್ಟರು. 1991ರಿಂದ 2007ರವರೆಗೆ 26 ಗಡ್ಡದ ರಣಹದ್ದುಗಳನ್ನು ಸ್ತಾಬೆಲ್ಚೋದ್ ಕಣಿವೆಯಲ್ಲಿ ಬಿಟ್ಟರು. ಮನುಷ್ಯನೇ ಕೊಂದು ಮುಗಿಸಿದ್ದನ್ನು ಮನುಷ್ಯನೇ ಮರಳಿ ತಂದರೆ ತಪ್ಪೇನಿಲ್ಲ. ನಿಜಕ್ಕೂ ಸುಮ್ಮನೆ ನೋಡಿದ ಕಡೆ ಪ್ರಕೃತಿ ಪಂಡಿತರನ್ನೇ ಬೆಪ್ಪು ಮಾಡಿದೆ. ದನಕರುಗಳನ್ನು ಹೊರಗಟ್ಟಿದ ಮೇಲೆ ಹಳೆಯ ಹುಲ್ಲುಗಾವಲುಗಳನ್ನು ಕಾಡು ನುಂಗುತ್ತದೆ ಎಂದೇ ಎಣಿಸಿದ್ದರು. ಸಸ್ಯವಿಜ್ಞಾನಿ ಬ್ರೌನ್-ಬ್ಲಾಂಕೆ 1917ರಲ್ಲಿ ಗುರುತು ಹಾಕಿದ ಕಾಯಂ ತಾಕುಗಳಿಂದ ಶುರುವಾದ ಅಧ್ಯಯನ ಬೇರೆಯದನ್ನೇ ಹೇಳಿತು. ಹೆಚ್ಚುತ್ತ ಹೋದ ಕೆಂಜಿಂಕೆಗಳು ಹುಲ್ಲನ್ನು ಗಿಡ್ಡಗೆ ಮೇಯ್ದು ಬಯಲನ್ನು ಬಯಲಾಗಿಯೇ ಉಳಿಸಿವೆ. ಸ್ತಾಬೆಲ್ಚೋದ್ ಮೂಲಕ 2,328 ಮೀಟರ್ ಎತ್ತರದ ಮಾರ್ಗುನೆಟ್ ಕಣಿವೆದಾರಿಗೆ ಏರುವವರು ಇದನ್ನು ಕಣ್ಣಾರೆ ಕಾಣಬಹುದು.

ಶಿಖರಗಳಲ್ಲಿ ಹೆಚ್ಚಿನವಕ್ಕೆ ದಾರಿಯೇ ಇಲ್ಲ. ಬೆಟ್ಟದ ನೆತ್ತಿಯ ಮೇಲಿನ ಫೋಟೊ ಬೇಕಾದವರು ಎಂಗಡಿನ್‌ನ ಬೇರೆ ಬೆಟ್ಟಗಳನ್ನು ಹುಡುಕಿಕೊಳ್ಳುವುದು ಒಳ್ಳೆಯದು. ಪ್ರಾಣಿಗಳನ್ನು ನೋಡುವ ತಾಳ್ಮೆಯುಳ್ಳವರು ಸೆಪ್ಟೆಂಬರಿನಲ್ಲೇ ಹೋಗಲಿ, ದುರ್ಬೀನು ಮರೆಯದಿರಲಿ.