ಚೆಂಡಿಗಿಂತ ಮೊದಲು ನೋಡಿ: ಹೈದರಾಬಾದ್ ಫುಟ್‌ಬಾಲ್ ರಸಿಕರಿಗೊಂದು ಕೈಪಿಡಿ

ಫುಟ್‌ಬಾಲನ್ನು ಹೊಸದಾಗಿ ನೋಡುವವರ ಕಣ್ಣು ಚೆಂಡಿನ ಬೆನ್ನು ಹತ್ತುತ್ತದೆ. ತೊಂಬತ್ತು ನಿಮಿಷ ಹಾಗೆಯೇ ನೋಡಿದರೆ ಓಡಾಟ ಬಹಳ, ಗೋಲು ಕಡಿಮೆ ಎನಿಸಿ ಬೇಸರ ಬರುತ್ತದೆ. ಕೆಲಸ ಹಿಡಿದು ಶಂಶಾಬಾದಿಗೆ ಬಂದು ನೆಲೆಸಿದ ಕನ್ನಡಿಗರಿಗೆ ನಾನು ಹೇಳುವುದಿಷ್ಟು: ಈ ಆಟವನ್ನು ಬೇರೆ ಕಣ್ಣಿನಿಂದ ನೋಡುವುದನ್ನು ದೇಶಕ್ಕೇ ಕಲಿಸಿದ ಹೈದರಾಬಾದಿನ ಮಗ್ಗುಲಲ್ಲಿ ನೀವಿದ್ದೀರಿ. ಆ ಕಣ್ಣು ನಿಮಗೂ ಒಲಿಯುತ್ತದೆ.

ಕಾಲೇಜು ಹುಡುಗರಿಂದ ಶುರು

ಇಲ್ಲಿನ ಫುಟ್‌ಬಾಲಿನ ಬೇರು ಕಾಲೇಜು ಮೈದಾನಗಳಲ್ಲಿದೆ. 1930ರ ದಶಕದಲ್ಲಿ ಸಿಟಿ ಕಾಲೇಜಿನ ಹಾಲಿ ಮತ್ತು ಹಳೆಯ ವಿದ್ಯಾರ್ಥಿಗಳು ಕಟ್ಟಿಕೊಂಡಿದ್ದ ‘ಇಲೆವೆನ್ ಹಂಟರ್ಸ್’ ತಂಡದಲ್ಲಿ ಸೈಯದ್ ಅಬ್ದುಲ್ ರಹೀಂ ಆಡುತ್ತಿದ್ದರು. ಮುಂದೆ ಅವರು ಶಾಲೆಯಲ್ಲಿ ಮೇಷ್ಟ್ರಾದರು. 1943ರಲ್ಲಿ ಹೈದರಾಬಾದ್ ಫುಟ್‌ಬಾಲ್ ಸಂಸ್ಥೆಯ ಕಾರ್ಯದರ್ಶಿಯಾದರು. 1950ರಲ್ಲಿ ಸಿಟಿ ಪೊಲೀಸ್ ತಂಡದ ಕೋಚ್ ಆದರು. ಬೊಂಬಾಯಿಯ ರೋವರ್ಸ್ ಕಪ್ಪನ್ನು 1937 ಮತ್ತು 1938ರಲ್ಲಿ ನಮ್ಮ ಬೆಂಗಳೂರು ಮುಸ್ಲಿಮ್ಸ್ ಗೆದ್ದಿತ್ತು. ರಹೀಂ ಸಾಹೇಬರ ಪೊಲೀಸ್ ತಂಡ 1950ರಿಂದ 1954ರವರೆಗೆ ಸತತ ಐದು ವರ್ಷ ಅದನ್ನು ಬಿಟ್ಟುಕೊಡಲೇ ಇಲ್ಲ.

ಮೊದಲ ಪಾಠ: ಚೆಂಡು ಎಷ್ಟು ಹೊತ್ತು ನಿಲ್ಲುತ್ತದೆ?

ಆ ಕಾಲದ ಪ್ರೇಕ್ಷಕರು ಎದುರಾಳಿಗಳನ್ನು ಒಬ್ಬೊಬ್ಬರಾಗಿ ತಪ್ಪಿಸಿ ಓಡುವ ಡ್ರಿಬ್ಲಿಂಗಿಗೆ ಮನಸೋಲುತ್ತಿದ್ದರು. ರಹೀಂ ಅದನ್ನೇ ನಿಷೇಧಿಸಿ ಟೂರ್ನಿ ನಡೆಸಿದರು. ಚೆಂಡನ್ನು ಕಾಲಲ್ಲಿ ಇಟ್ಟುಕೊಳ್ಳುವಂತಿಲ್ಲ ಎಂದಾಗ ಆಟಗಾರನಿಗೆ ಉಳಿಯುವುದು ಒಂದೇ ದಾರಿ: ಚೆಂಡು ಬರುವ ಮೊದಲೇ ಅದನ್ನು ಯಾರಿಗೆ ಕೊಡಬೇಕೆಂದು ತಿಳಿದಿರುವುದು. ದುರ್ಬಲ ಕಾಲಿನಿಂದ ಮಾತ್ರ ಒದೆಯಬೇಕೆಂಬ ಟೂರ್ನಿಯನ್ನೂ ಅವರು ಮಾಡಿದರು.

ಈ ಎರಡೂ ನಿಯಮಗಳು ನೋಡುವವರಿಗೂ ಪಾಠವೇ. ಮೊದಲ ಹತ್ತು ನಿಮಿಷ ಒಬ್ಬ ಮಧ್ಯಾಟಗಾರನನ್ನು ಆರಿಸಿಕೊಳ್ಳಿ. ಪಾಸ್ ಬರುವ ಮುನ್ನ ಅವನು ಭುಜದ ಮೇಲಿಂದ ಹಿಂದೆ ನೋಡಿದನೇ? ಚೆಂಡನ್ನು ಎಷ್ಟು ಸಲ ಮುಟ್ಟಿ ಬಿಟ್ಟುಕೊಟ್ಟ? ಎಡಗಡೆ ಬಂದ ಚೆಂಡಿಗೆ ಎಡಗಾಲು ಬಳಸಿದನೇ, ಇಲ್ಲ ಬಲಗಾಲಿಗೆ ಬದಲಿಸಿಕೊಳ್ಳುತ್ತ ಹೊತ್ತು ಕಳೆದನೇ? ಅಷ್ಟು ಹೊತ್ತು ಸಾಕು, ಎದುರಾಳಿ ಬಂದು ದಾರಿ ಮುಚ್ಚಲು.

ಎರಡನೆಯ ಪಾಠ: ಚೆಂಡಿಲ್ಲದವನನ್ನು ನೋಡಿ

1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಭಾರತ ಫ್ರಾನ್ಸಿಗೆ 1–2ರಿಂದ ಸೋತಿತು. ನಮ್ಮವರಲ್ಲಿ ಹೆಚ್ಚಿನವರು ಬರಿಗಾಲಲ್ಲಿ ಆಡಿದ ಆ ಪಂದ್ಯದಲ್ಲಿ ಭಾರತದ ಗೋಲು ಹೊಡೆದವರು ಮೈಸೂರು ತಂಡದ ಸಾರಂಗಪಾಣಿ ರಾಮನ್. ನಾಲ್ಕು ವರ್ಷದ ನಂತರ, 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ರಹೀಂ ಭಾರತದ ಕೋಚ್. ಯುಗೊಸ್ಲಾವಿಯ ಎದುರು ಭಾರತ 1–10ರಿಂದ ಸೋತಿತು. ಅಲ್ಲೇ ಹಂಗೇರಿ ಚಿನ್ನ ಗೆದ್ದಿತು. ಅವರ ಸೆಂಟರ್ ಫಾರ್ವರ್ಡ್ ಗೋಲಿನ ಮುಂದೆ ಕಾಯುತ್ತ ನಿಲ್ಲುವ ಬದಲು ಹಿಂದೆ ಸರಿಯುತ್ತಿದ್ದ. ಅವನ ಬೆನ್ನು ಹತ್ತಿ ರಕ್ಷಕ ಮುಂದೆ ಬಂದರೆ ಆ ರಕ್ಷಕನ ಹಿಂದೆ ಜಾಗ ಖಾಲಿ. ಬಾರದಿದ್ದರೆ ಫಾರ್ವರ್ಡ್ ನಿರಾತಂಕ. ರಹೀಂ ತಮ್ಮ ಸೋಲಿನಿಂದಲೂ ಹಂಗೇರಿಯ ಈ ಆಟದಿಂದಲೂ ಕಲಿತು ಬಂದರು. 1956ರ ಮೆಲ್ಬರ್ನ್‌ನಲ್ಲಿ ಅವರ ತಂಡ ಆಸ್ಟ್ರೇಲಿಯಾವನ್ನು 4–2ರಿಂದ ಸೋಲಿಸಿತು, ನೆವಿಲ್ ಡಿಸೋಜ ಹ್ಯಾಟ್ರಿಕ್ ಹೊಡೆದರು, ಭಾರತ ನಾಲ್ಕನೇ ಸ್ಥಾನಕ್ಕೆ ಏರಿತು.

ನೀವೂ ಫಾರ್ವರ್ಡ್ ಹಿಂದೆ ಸರಿದ ಕೂಡಲೇ ಅವನನ್ನು ಬಿಟ್ಟು, ಅವನು ತೆರವು ಮಾಡಿದ ಜಾಗ ನೋಡಿ. ಅಲ್ಲಿಗೆ ಯಾರಾದರೂ ಓಡುತ್ತಿದ್ದರೆ ದಾಳಿ ಆಗಲೇ ಶುರುವಾಗಿದೆ.

ಮೂರನೆಯ ಪಾಠ: ಜಾಗ ಬದಲಿಸುವ ಧೈರ್ಯ

1962ರ ಜಕಾರ್ತ ಏಷ್ಯನ್ ಗೇಮ್ಸ್‌ನಲ್ಲಿ ರಕ್ಷಕ ಜರ್ನೈಲ್ ಸಿಂಗ್ ಅವರ ತಲೆಗೆ ಪೆಟ್ಟಾಗಿತ್ತು. ಬ್ಯಾಂಡೇಜು ಕಟ್ಟಿಕೊಂಡಿದ್ದ ಅವರನ್ನು ರಹೀಂ ಮುಂಚೂಣಿಗೆ ಕಳಿಸಿದರು. ಫೈನಲ್‌ನಲ್ಲಿ ಪಿ.ಕೆ. ಬ್ಯಾನರ್ಜಿ ಮತ್ತು ಜರ್ನೈಲ್ ತಲಾ ಒಂದು ಗೋಲು ಹೊಡೆದರು. ದಕ್ಷಿಣ ಕೊರಿಯಾ 1–2ರಿಂದ ಸೋತಿತು. ಕ್ಯಾನ್ಸರಿನಿಂದ ನರಳುತ್ತಲೇ ಈ ಚಿನ್ನ ಗೆಲ್ಲಿಸಿದ ರಹೀಂ 1963ರಲ್ಲಿ ತೀರಿಕೊಂಡರು. ಆಟಗಾರ ತನ್ನ ಜಾಗ ಬಿಟ್ಟು ಬೇರೆಡೆ ಕಾಣಿಸಿದರೆ ಶಿಸ್ತು ತಪ್ಪಿತೆಂದು ತಿಳಿಯಬೇಡಿ. ಅದರ ಹಿಂದಿನ ಲೆಕ್ಕ ಹುಡುಕಿ.

ಎಲ್ಲಿ ಕೂರಬೇಕು?

ಮೊದಲು ಯಾವುದಾದರೂ ಅಂತರ ಕಾಲೇಜು ಪಂದ್ಯಕ್ಕೆ ಹೋಗಿ, ಗೆರೆಯ ಪಕ್ಕದಲ್ಲೇ ನಿಲ್ಲಿ. ಅಲ್ಲಿ ಆಟಗಾರರು ಒಬ್ಬರಿಗೊಬ್ಬರು ಕೂಗಿ ಹೇಳುವುದು ಕಿವಿಗೆ ಬೀಳುತ್ತದೆ. ಯಾರು ಮೊದಲೇ ಯೋಚಿಸುತ್ತಾರೆಂದು ಅದರಿಂದಲೇ ತಿಳಿಯುತ್ತದೆ. ಆಮೇಲೆ ಔಟರ್ ರಿಂಗ್ ರಸ್ತೆ ಹಿಡಿದು ಗಚ್ಚಿಬೌಲಿಯ ಬಾಲಯೋಗಿ ಕ್ರೀಡಾಂಗಣಕ್ಕೆ ಹೋಗಿ. ಗೋಲಿನ ಹಿಂದೆ ಬೇಡ; ಮಧ್ಯದ ಗೆರೆಯ ನೇರಕ್ಕೆ, ಎತ್ತರದಲ್ಲಿ ಕೂತರೆ ಇಪ್ಪತ್ತೆರಡು ಜನರೂ ಅವರ ನಡುವಿನ ಜಾಗವೂ ಒಟ್ಟಿಗೆ ಕಾಣುತ್ತವೆ.

ಮಕ್ಕಳನ್ನು ಕರೆದೊಯ್ದರೆ ಸ್ಕೋರ್ ಕೇಳಬೇಡಿ, ಮುಂದಿನ ಪಾಸ್ ಯಾರಿಗೆ ಎಂದು ಕೇಳಿ. ಮೊದಮೊದಲು ಊಹೆ ತಪ್ಪುತ್ತದೆ, ಬರಬರುತ್ತ ಹೆಚ್ಚು ಸಲ ಸರಿಯಾಗುತ್ತದೆ. ಊಹೆಗೂ ಮೀರಿದ ಪಾಸನ್ನು ಒಬ್ಬ ಆಟಗಾರ ಕೊಟ್ಟಾಗ, ಗೋಲಾಗದಿದ್ದರೂ ಎದ್ದು ಚಪ್ಪಾಳೆ ತಟ್ಟಿ. ರಹೀಂ ಸಾಹೇಬರ ಊರಿನಲ್ಲಿ ಆ ಪಾಸಿಗೆ ಅಷ್ಟು ಮರ್ಯಾದೆ ಸಲ್ಲಲೇಬೇಕು.